ಮೀನಖಂಡವೂ ಅಪ್ಪನ ಬೆನ್ನೂ

ನಮ್ಮ ಮನೆಯಲ್ಲಿ ಮೀನಿಗೆ ಜಾಗವಿದ್ದದ್ದು ಒಂದೇ ಕಡೆ, ಅಜ್ಜಿಯ ಕಾಲಿನಲ್ಲಿ. ಹಬ್ಬ, ಏಕಾದಶಿ, ಶ್ರಾವಣ ಎಂದು ಈರುಳ್ಳಿಗೇ ಆಗಾಗ ಬಹಿಷ್ಕಾರ ಹಾಕುತ್ತಿದ್ದ ಮನೆ ಅದು. ಹಲಸೂರು ಬಜಾರಿನಲ್ಲಿ ಮೀನಿನ ಬುಟ್ಟಿ ಎದುರಾದರೆ ಅಜ್ಜಿ ಸೆರಗನ್ನು ಮೂಗಿಗೆ ಒತ್ತಿಕೊಂಡು, ನನ್ನ ರಟ್ಟೆ ಹಿಡಿದೆಳೆದು, ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದಳು. ಅದೇ ಅಜ್ಜಿ ಸಂಜೆ ದೇವರ ದೀಪ ಹಚ್ಚಿದ ಮೇಲೆ ನಡುಮನೆಯ ಗೋಡೆಗೆ ಒರಗಿ, ಕಾಲು ಚಾಚಿ, ಬಾಯ್ತುಂಬ ಮೀನಿನ ಹೆಸರು ಹೇಳುತ್ತಿದ್ದಳು.

"ಅಯ್ಯೋ ರಾಮಾ, ಮೀನಖಂಡ ಹಿಡ್ಕೊಂಡ್ಬಿಡ್ತು. ವಸೂ, ಎಣ್ಣೆ ತಗೊಂಡ್ ಬಾರೇ."

ಮೊಣಕಾಲಿನ ಹಿಂದೆ, ಸ್ವಲ್ಪ ಕೆಳಗೆ, ತುಂಬಿಕೊಂಡು ಇಳಿಯುವ ಭಾಗವೇ ಮೀನಖಂಡ. ಅದಕ್ಕೆ ಎಣ್ಣೆ ಹಚ್ಚುವ ಕೆಲಸ ನನ್ನದು. ಬೆಚ್ಚಗೆ ಮಾಡಿದ ಹರಳೆಣ್ಣೆಯನ್ನು ಸುರಿದು ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಏನೋ ಗಟ್ಟಿಯಾದದ್ದು ಪಕ್ಕಕ್ಕೆ ಜಾರುತ್ತಿತ್ತು. ಆ ಕಡೆಯಿಂದ ಒತ್ತಿದರೆ ವಾಪಸು ಬರುತ್ತಿತ್ತು. ಒಳಗೊಂದು ಮೀನಿದೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಹೆಸರೇ ಹೇಳುತ್ತಿದೆ, ಕೈಗೂ ಸಿಗುತ್ತಿದೆ, ಇನ್ನೇನು ಸಾಕ್ಷಿ ಬೇಕು. ಈಗ ನಾನು ಇಂದಿರಾನಗರದ ಒಂದು ಮಹಡಿಯ ಮೇಲೆ ಶನಿವಾರ ಶನಿವಾರ ಮನುಷ್ಯಾಕೃತಿ ಬರೆಯುವುದನ್ನು ಹೇಳಿಕೊಡುತ್ತೇನೆ. ಮಕ್ಕಳು ಟ್ಯಾಬಿನಲ್ಲಿ ಚರ್ಮ ಸುಲಿದ ದೇಹವನ್ನು ಬೆರಳಲ್ಲಿ ತಿರುಗಿಸುತ್ತಾ ಸ್ನಾಯುಗಳ ಲ್ಯಾಟಿನ್ ಹೆಸರುಗಳನ್ನು ಪಟಪಟನೆ ಒಪ್ಪಿಸುತ್ತಾರೆ. ಕಾಲು ಬರೆಯುವ ಹೊತ್ತಿಗೆ ಮಾತ್ರ ಎರಡು ಕಂಬ ನೆಟ್ಟು ಕೂರುತ್ತಾರೆ. ಆಗ ನಾನು ಅಜ್ಜಿಯ ಕಾಲಿನ ಸುದ್ದಿ ಎತ್ತುತ್ತೇನೆ. ಅಜ್ಜಿಯ ಕಾಲಿನಿಂದ ಶುರುವಾದ ಹುಡುಕಾಟ ಅಪ್ಪನ ಬೆನ್ನಿನವರೆಗೆ ಹೋಯಿತು. ನಾನು ಚಿತ್ರಕಲೆಯ ಶಾಲೆಗೆ ಸೇರುವುದೋ ಬೇಡವೋ ಎಂಬುದು ಆ ಬೆನ್ನಿನ ಮೇಲೆಯೇ ತೀರ್ಮಾನವಾಗಬೇಕಿತ್ತು. ಅಷ್ಟು ದೂರದ ಕಥೆಯನ್ನು ನಾನು ತರಗತಿಯಲ್ಲಿ ಹೇಳುವುದಿಲ್ಲ, ಇಲ್ಲಿ ಹೇಳುತ್ತೇನೆ.

ಮನೆ ಇದ್ದದ್ದು ಜೋಗುಪಾಳ್ಯದಲ್ಲಿ. ಮುಂದೆ ಒಂದು ನಡುಮನೆ, ಅದರ ಹಿಂದೆ ಅಡುಗೆಮನೆ, ಪಕ್ಕದಲ್ಲಿ ಒಂದು ಕತ್ತಲೆ ಕೋಣೆ, ಆಮೇಲೆ ಬಚ್ಚಲು, ಅದರಾಚೆ ಬಟ್ಟೆ ಒಗೆಯುವ ಕಲ್ಲೊಂದೇ ಹಿಡಿಸುವಷ್ಟು ಹಿತ್ತಲು. ಅಪ್ಪ, ಅಮ್ಮ, ಅಜ್ಜಿ, ಅಪ್ಪನ ತಂಗಿ ಸರೋಜತ್ತೆ ಮತ್ತು ನಾನು, ಇಷ್ಟು ಜನ ಅದರಲ್ಲಿ ಒಬ್ಬರ ಮೈಗೊಬ್ಬರು ತಾಕಿಕೊಂಡೇ ಓಡಾಡುತ್ತಿದ್ದೆವು. ಅಮ್ಮ ಹುಳಿಗೆ ಒಗ್ಗರಣೆ ಹಾಕಿದರೆ ನಡುಮನೆಯಲ್ಲಿ ಅಪ್ಪ ಸೀನುತ್ತಿದ್ದರು. ಅವರೆಕಾಯಿ ಕಾಲದಲ್ಲಿ ಎಲ್ಲರೂ ಗುಂಡಾಗಿ ಕೂತು ಹಿಚುಕುತ್ತಿದ್ದೆವು. ಆ ಹೊತ್ತಿನಲ್ಲಿ ಜಗಳವಿಲ್ಲದೆ ಸೊಗಡು ಹತ್ತುವುದಿಲ್ಲವೇನೋ ಎಂಬಂತೆ ಅಜ್ಜಿಯೂ ಸರೋಜತ್ತೆಯೂ ಏನಾದರೊಂದನ್ನು ಹುಡುಕಿಕೊಳ್ಳುತ್ತಿದ್ದರು. ಸರೋಜತ್ತೆ ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯ ಒಂದು ವಿಮಾ ಕಚೇರಿಯಲ್ಲಿ ಟೈಪಿಸ್ಟ್. ಮದುವೆ ಬೇಡ ಅಂದವಳು, ಬೇಡ ಅಂದದ್ದನ್ನು ಎರಡನೇ ಸಲ ಹೇಳಬೇಕಾಗಿ ಬಂದರೆ ಸಿಡುಕುವವಳು. ಅಪ್ಪ ಹಳೆ ಮದ್ರಾಸು ರಸ್ತೆಯ ಒಂದು ಸರ್ಕಾರಿ ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದರು. ಯಂತ್ರದಿಂದ ತಯಾರಾಗಿ ಬಂದ ಬಿಡಿಭಾಗಕ್ಕೆ ಅಲ್ಲಿ ಪೀಸ್ ಎಂದು ಹೆಸರು. ಪೀಸನ್ನು ಒಂದು ಕೈಲಿ, ಅದರ ನಕ್ಷೆಯನ್ನು ಇನ್ನೊಂದು ಕೈಲಿ ಹಿಡಿದು ತಾಳೆ ನೋಡಿ, ಪಾಸು ಇಲ್ಲವೇ ರಿಜೆಕ್ಟು ಎನ್ನುವುದು ಅವರ ಕೆಲಸ. ಆ ನಕ್ಷೆಯನ್ನು ಅವರು ಡ್ರಾಯಿಂಗ್ ಎನ್ನುತ್ತಿದ್ದರು. ಹಾಗಾಗಿ ನಾನು ಸ್ಲೇಟಿನ ಮೇಲೆ ಬರೆದ ನವಿಲು, ಗುಡಿ, ತೆಂಗಿನಮರ ಇವು ಯಾವುವೂ ನಮ್ಮ ಮನೆಯಲ್ಲಿ ಡ್ರಾಯಿಂಗ್ ಅನ್ನಿಸಿಕೊಳ್ಳುತ್ತಿರಲಿಲ್ಲ. ಅವುಗಳಿಗೆ ಅಪ್ಪನ ಬಾಯಲ್ಲಿ "ಗೀಚಿದ್ದು" ಎಂದು ಹೆಸರು.

ನಾನು ಬಿಡುವವಳಲ್ಲ. ಅವರ ಡ್ರಾಯಿಂಗನ್ನೇ ಕಲಿಯುತ್ತೇನೆ ಎಂದು ಹಟ ಹಿಡಿದು ಕೂತೆ. ಅಪ್ಪ ಭಾನುವಾರ ಬೆಳಗ್ಗೆ ಲೋಟ, ಚೊಂಬು, ಕುಕ್ಕರಿನ ತೂಕ, ಹೀಗೆ ಒಂದೊಂದನ್ನೇ ಮುಂದಿಟ್ಟು ಎದುರಿನಿಂದ ಕಂಡಂತೆ ಒಂದು, ಪಕ್ಕದಿಂದ ಕಂಡಂತೆ ಒಂದು, ಮೇಲಿನಿಂದ ಕಂಡಂತೆ ಒಂದು ಬರೆಯಿಸಿದರು. ಆಮೇಲೆ ಸೆಕ್ಷನ್ ಎಂಬ ಅದ್ಭುತವನ್ನು ಹೇಳಿಕೊಟ್ಟರು. ವಸ್ತುವನ್ನು ಮಧ್ಯಕ್ಕೆ ಕುಯ್ದರೆ ಒಳಗೆ ಏನು ಕಾಣುತ್ತದೋ ಅದನ್ನು ಬರೆಯುವುದೇ ಸೆಕ್ಷನ್. ಕುಯ್ದ ಜಾಗಕ್ಕೆಲ್ಲ ಓರೆ ಗೆರೆ ಎಳೆಯಬೇಕು. ನನಗೆ ಹುಚ್ಚೇ ಹಿಡಿಯಿತು. ಹಲಸಿನ ಹಣ್ಣಿನ ಸೆಕ್ಷನ್, ಹೋಳಿಗೆಯ ಸೆಕ್ಷನ್, ಅಜ್ಜಿಯ ಎಲೆಯಡಿಕೆ ಡಬ್ಬಿಯ ಸೆಕ್ಷನ್. ಕೊನೆಗೆ ಅಜ್ಜಿಯನ್ನೇ ತೆಗೆದುಕೊಂಡೆ. ಅಳತೆಪಟ್ಟಿ ಇಟ್ಟು ಕಾಲು ಬರೆದು, ಮೊಣಕಾಲಿನಿಂದ ಪಾದದ ಮೇಲಿನ ಹರಡಿನವರೆಗೆ ಸೀಳಿ, ಒಳಗೆ ಒಂದು ಮೀನನ್ನು ನಿಲ್ಲಿಸಿದೆ. ತಲೆ ಮೇಲಕ್ಕೆ, ಬಾಲ ಹಿಮ್ಮಡಿಯ ಕಡೆಗೆ. ಕಣ್ಣು, ಕಿವಿರು, ಹುರುಪೆ ಎಲ್ಲ ಅಚ್ಚುಕಟ್ಟು. ಬಾಣದ ಗುರುತು ಹಾಕಿ "ಮೀನು" ಎಂದು ಬರೆದು ಅಪ್ಪನ ಮುಂದೆ ಹಿಡಿದೆ.

"ಏನಿದು?"

"ಅಜ್ಜಿ ಕಾಲಿನ ಸೆಕ್ಷನ್ನು."

"ಒಳಗೆ ಮೀನ್ಯಾಕೆ ಬಂತು?"

"ಅಜ್ಜೀನೇ ದಿನಾ ಹೇಳ್ತಾಳಲ್ಲ, ಮೀನಖಂಡ ಅಂತ."

ಅಪ್ಪ ನಗುವುದನ್ನು ನಾನು ಹೆಚ್ಚು ಕಂಡವಳಲ್ಲ. ಅವತ್ತು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಗು ಕೇಳಿ ಸೌಟು ಹಿಡಿದುಕೊಂಡೇ ಅಮ್ಮ ಬಂದಳು, ಸರೋಜತ್ತೆ ಬಂದಳು, ಏನೇ ಅದು ತೋರಿಸ್ರೇ ಎಂದು ಅಜ್ಜಿಯೂ ಕೈ ಚಾಚಿದಳು. ಕಾಗದ ನೋಡಿದ ಅಜ್ಜಿಯ ಮುಖ ಕಪ್ಪಿಟ್ಟಿತು.

"ಇದೇನೇ ವಸೂ, ನನ್ ಕಾಲೊಳಗೆ ಮೀನ್ ತುಂಬ್ಸಿದ್ದೀಯ? ನಾಳೆ ದೇವರ ಮುಂದೆ ನಾನ್ ಹೆಂಗೇ ಹೋಗಿ ನಿಂತ್ಕೊಳ್ಲಿ?"

"ಇಷ್ಟು ವರ್ಷ ನಿಂತಿದ್ದೀಯಲ್ಲಮ್ಮ," ಎಂದಳು ಸರೋಜತ್ತೆ, "ಮೀನಿಟ್ಕೊಂಡೇ."

ಉರಿಯುವ ಬೆಂಕಿಗೆ ತುಪ್ಪ ಸುರಿಯುವುದರಲ್ಲಿ ಅತ್ತೆಯದು ಎತ್ತಿದ ಕೈ. ಅಜ್ಜಿ ಅವತ್ತು ಊಟಕ್ಕೆ ಏಳಲಿಲ್ಲ. ಪಕ್ಕದ ಮನೆಯ ಸೆಲ್ವಿಯಕ್ಕ, ನಮ್ಮ ಹಿತ್ತಲಿನ ಗೋಡೆಯ ಮೇಲೆ ಗಲ್ಲ ಊರಿ ಎಲ್ಲ ಕೇಳಿಸಿಕೊಂಡವಳು, ಸಮಾಧಾನ ಮಾಡಲು ಹೋಗಿ ಇನ್ನಷ್ಟು ಕೆಡಿಸಿದಳು.

"ಅದ್ರಲ್ಲೇನು ತಪ್ಪು ಅಜ್ಜಿ, ನಮ್ ತಮಿಳಲ್ಲೂ ಕೆಂಡೈಕಾಲ್ ಅಂತಾನೇ ಅನ್ನೋದು. ಕೆಂಡೈ ಅಂದ್ರೂ ಮೀನೇ ತಾನೇ."

"ನೀವು ತಿನ್ನೋರು ಕಣಮ್ಮ, ನಿಮ್ಗೆ ಸರಿಹೋಗುತ್ತೆ," ಎಂದಳು ಅಜ್ಜಿ.

ಮುಂದೆ ಕೆಲವು ದಿನ ಅಜ್ಜಿ ಆ ಪದವನ್ನು ಬಿಟ್ಟಳು. "ಕಾಲಿನ ಹಿಂದುಗಡೆ ಹಿಡ್ಕೊಂಡಿದೆ" ಎಂದು ಸುತ್ತು ಬಳಸಿ ನರಳಿದಳು. ನರಳಾಟಕ್ಕೆ ಅಷ್ಟು ಉದ್ದದ ಮಾತು ಒಗ್ಗುವುದಿಲ್ಲ. ಒಂದು ಸಂಜೆ ಜೋರಾಗಿ ಸೆಳೆದುಕೊಂಡಾಗ ಮೀನಖಂಡ ತಾನಾಗಿ ಬಾಯಿಗೆ ಬಂತು, ಮನೆ ಮೊದಲಿನಂತಾಯಿತು. ಅಪ್ಪ ಮಾತ್ರ ಆ ಕಾಗದವನ್ನು ಹರಿಯಲಿಲ್ಲ. ಕೆಂಪು ಪೆನ್ಸಿಲಿನಿಂದ ಮೀನಿನ ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕಿ ನನಗೇ ಕೊಟ್ಟರು.

"ಒಳಗಿರೋದು ತಪ್ಪು. ಒಳಗೆ ಏನೋ ಇದೆ ಅಂದ್ಕೊಂಡೆಯಲ್ಲ, ಅದು ಸರಿ. ಹೊರಗಿನ ಗೆರೆ ಒಳಗಿಂದ ಬರುತ್ತೆ. ಏನಿದೆ ಅಂತ ತಿಳ್ಕೋ, ಆಮೇಲೆ ಬರಿ."

ತಿಳಿದುಕೊಳ್ಳುವುದು ಎಲ್ಲಿ ಹೋಗಿ. ಆ ಚಿಂತೆಯನ್ನು ನನಗಿಂತ ಹೆಚ್ಚಾಗಿ ಹಚ್ಚಿಕೊಂಡವಳು ಸರೋಜತ್ತೆ. ಒಂದು ಶನಿವಾರ ಅರ್ಧ ದಿನದ ಕಚೇರಿ ಮುಗಿಸಿ ಬಂದು, ಬಾ ಒಂದು ಜಾಗ ತೋರಿಸ್ತೀನಿ ಎಂದು ನನ್ನನ್ನು ಶಿವಾಜಿನಗರದ ಬಸ್ಸು ಹತ್ತಿಸಿದಳು. ಮಾರ್ಕೆಟ್ಟಿನ ಹೂವಿನ ಸಾಲು, ಹಣ್ಣಿನ ಸಾಲು ದಾಟಿ ಮಾಂಸದ ಅಂಗಡಿಗಳ ಮುಂದೆ ನಿಲ್ಲಿಸಿದಳು. ಕೊಕ್ಕೆಗೆ ತೂಗು ಹಾಕಿದ ಮೇಕೆಯ ತೊಡೆಗಳು. ಹುಟ್ಟಿದಾಗಿನಿಂದ ನೋಡಬಾರದು ಎಂದು ಮುಖ ತಿರುಗಿಸಿಕೊಂಡು ಬಂದದ್ದನ್ನು ಅತ್ತೆ ನನ್ನ ಗಲ್ಲ ಹಿಡಿದು ನೋಡಿಸಿದಳು. ಅಂಗಡಿಯವನು ಏನು ಬೇಕು ಎಂದು ಕೇಳಿದ. ಅತ್ತೆ ತನ್ನ ಕಚೇರಿಯ ಸಾಬರಿಂದ ಕಲಿತ ದಖನಿಯಲ್ಲಿ ಉತ್ತರಿಸಿದಳು.

"ಕುಚ್ ನಕ್ಕೋ ಭಾಯ್. ಬಚ್ಚಿ ಕು ಖಾಲಿ ದೇಖ್ನಾ ಕತೇ."

ಕೊಳ್ಳುವುದಕ್ಕಲ್ಲದೆ ಬರೀ ನೋಡುವುದಕ್ಕೆ ಬಂದ ಗಿರಾಕಿಗಳನ್ನು ಅವನು ಅವತ್ತೇ ಮೊದಲು ಕಂಡಿರಬೇಕು. ತಲೆ ಕೆರೆದುಕೊಂಡ, ಆಮೇಲೆ ಖುಷಿಯಾಗಿಯೇ ಒಂದು ತೊಡೆಯನ್ನು ತಿರುಗಿಸಿ ಹಿಡಿದ. ಕೆಂಪು ಮಾಂಸ ಒಂದೇ ಮುದ್ದೆಯಾಗಿರಲಿಲ್ಲ. ಒಂದೊಂದೂ ಬೇರೆ ಬೇರೆ ಎಸಳಾಗಿ, ಬೆಳ್ಳಗಿನ ತೆಳು ಪೊರೆ ಸುತ್ತಿಕೊಂಡು, ಕೆಳಗೆ ಹೋದ ಹಾಗೆ ಸಣ್ಣಗಾಗಿ, ಬಿಳಿ ನಾರಾಗಿ ಎಲುಬಿಗೆ ಅಂಟಿತ್ತು. ಅವನು ಕೆಳಗಾಲಿನ ಒಂದು ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ ತೋರಿಸಿ, ಇದು ಮಚ್ಛಿ ಎಂದ. ಮಚ್ಛಿ ಅಂದರೆ ಮೀನು, ಇದು ಮೇಕೆ ಅಲ್ಲವಾ ಎಂದು ಅತ್ತೆ ಕೇಳಿದಳು. ಮೇಕೆಯದೇ, ಆದರೆ ಕಾಲಿನ ಈ ಮಾಂಸಕ್ಕೆ ನಮ್ಮವರು ಮಚ್ಛಿ ಅಂತಲೇ ಅನ್ನುವುದು ಎಂದು ಅವನು ನಕ್ಕ. ನನಗಾದ ಸಂತೋಷವನ್ನು ಹೇಗೆ ಹೇಳಲಿ. ಕನ್ನಡ, ತಮಿಳು, ದಖನಿ ಮೂರೂ ಸೇರಿ ನನ್ನ ಪಕ್ಷ ವಹಿಸಿದ್ದವು. ಮನೆಗೆ ಬಂದವಳೇ ಅತ್ತೆ ನನ್ನನ್ನು ಸೀದಾ ಬಚ್ಚಲಿಗೆ ತಳ್ಳಿ ತಲೆಯ ಮೇಲೆ ನೀರು ಸುರಿದಳು, ತಾನೂ ಸ್ನಾನ ಮಾಡಿದಳು. ಹೊತ್ತಲ್ಲದ ಹೊತ್ತಿನಲ್ಲಿ ಇದೇನು ಸ್ನಾನ ಎಂದು ಅಜ್ಜಿ ಕೇಳಿದಳು.

"ಸತ್ತವರನ್ನ ನೋಡ್ಕೊಂಡ್ ಬಂದ್ವಿ ಕಣಮ್ಮ."

"ಯಾರು ಸತ್ತಿದ್ದು?"

"ನಿಂಗೆ ಪರಿಚಯ ಇಲ್ಲ ಬಿಡು."

ಪಾಪ ಅಜ್ಜಿ, ಯಾರಾದರೇನು, ಒಳ್ಳೆ ಲೋಕ ಸಿಗಲಿ ಎಂದು ಕೈ ಮುಗಿದಳು.

ಅದಾದ ಮೇಲೆ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ, ರಟ್ಟು ಕಿತ್ತುಹೋದ, ವೈದ್ಯ ವಿದ್ಯಾರ್ಥಿ ಯಾರೋ ಓದಿ ಬಿಸಾಕಿದ ಅಂಗರಚನೆಯ ಪುಸ್ತಕವನ್ನು ಅತ್ತೆ ತಂದುಕೊಟ್ಟಳು. ಅಜ್ಜಿಗೆ ಅದು ಡಾಕ್ಟರ ಪುಸ್ತಕ ಎಂದು ಗೊತ್ತಾಗಿ ಮೊಮ್ಮಗಳು ಡಾಕ್ಟರಾಗುತ್ತಾಳೆ ಎಂದು ಬೀದಿಯಲ್ಲಿ ಹೇಳಿಕೊಂಡು ಬಂದಳು. ನಾನು ಒಗೆಯುವ ಕಲ್ಲಿನ ಮೇಲೆ ಕೂತು ಪುಟ ತಿರುವುತ್ತಾ ಮನೆಯವರನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ ನೋಡತೊಡಗಿದೆ. ಅಮ್ಮ ಚಪಾತಿ ಲಟ್ಟಿಸುವಾಗ ಮುಂಗೈಯಲ್ಲಿ ಏಳುವ ಉದ್ದನೆಯ ಏರುಗಳು ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತವೆ ಎಂದು ಗೊತ್ತಾಯಿತು. ಅಜ್ಜಿ ಅತ್ತೆಯನ್ನು ಬೈಯಲು ಕತ್ತು ತಿರುಗಿಸಿದಾಗ ಕಿವಿಯ ಹಿಂದಿನಿಂದ ಎದೆಗೂಡಿನವರೆಗೆ ಬಿಗಿಯುವ ಹುರಿ ಯಾವುದು ಎಂದು ಗೊತ್ತಾಯಿತು. ಮೀನಖಂಡದಲ್ಲಿ ಒಳಬದಿಯ ಉಬ್ಬು ಹೊರಬದಿಯದಕ್ಕಿಂತ ಸ್ವಲ್ಪ ಕೆಳಗಿಳಿದಿರುತ್ತದೆ, ಹರಡಿನ ಗಂಟು ಮಾತ್ರ ಒಳಬದಿಯದೇ ಮೇಲಿರುತ್ತದೆ ಎಂಬುದು ತಿಳಿದ ದಿನ ನಾನು ಬರೆದ ಕಾಲು ಮೊದಲ ಸಲ ನೆಲದ ಮೇಲೆ ನಿಂತಿತು. ಅದುವರೆಗೆ ನನ್ನ ಮನುಷ್ಯರೆಲ್ಲ ಗಾಳಿಯಲ್ಲಿ ತೇಲುತ್ತಿದ್ದರು. ಪುಸ್ತಕದಲ್ಲಿದ್ದ ಗಂಡಸಿಗೆ ಮುಖವಿರಲಿಲ್ಲ, ಹೆಸರಿರಲಿಲ್ಲ, ಎಲ್ಲ ಸ್ನಾಯುಗಳೂ ತುಂಬಿ ತುಳುಕುತ್ತಿದ್ದವು. ನಾನು ಅವನನ್ನು ಮಾಸ್ಟರ್ ಎಂದು ಕರೆಯುತ್ತಿದ್ದೆ. ಏನೇ ಅನುಮಾನ ಬಂದರೂ ಮಾಸ್ಟರನ್ನು ಕೇಳುವುದು ರೂಢಿಯಾಯಿತು.

ಹೈಸ್ಕೂಲು ಮುಗಿಯುವ ಹೊತ್ತಿಗೆ ಚಿತ್ರಕಲೆಯ ಶಾಲೆಗೇ ಹೋಗಬೇಕು ಎಂಬುದು ನನಗೆ ಹಗಲು ಬೆಳಕಿನಷ್ಟು ಸ್ಪಷ್ಟವಾಗಿತ್ತು. ಅಪ್ಪನಿಗೆ ಅಷ್ಟೇ ಸ್ಪಷ್ಟವಾಗಿ ಕಾಮರ್ಸು ಕಾಣುತ್ತಿತ್ತು. ಸರೋಜತ್ತೆಯ ಹಾಗೆ ಟೈಪಿಂಗು ಕಲಿತು, ಒಂದು ಕಚೇರಿ ಸೇರಿ, ಬಿಡುವಿನಲ್ಲಿ ಏನು ಬೇಕಾದರೂ ಗೀಚಿಕೋ ಎಂಬುದು ಅವರ ವಾದ. ನಾನು ಉಪವಾಸ ಕೂತೆ. ಅಮ್ಮ ಉಪ್ಪಿಟ್ಟಿನ ತಟ್ಟೆ ತಂದು ಪಕ್ಕದಲ್ಲಿಟ್ಟು ಹೋದಳು, ಅರ್ಧ ಗಂಟೆಯೊಳಗೆ ಉಪವಾಸ ಮುರಿಯಿತು. ಮಾತು ಮಾತ್ರ ಬಿಡಲಿಲ್ಲ.

"ಆ ಶಾಲೆಗೆ ಹೋಗಿ ಏನ್ಮಾಡ್ತೀಯ?" ಎಂದರು ಅಪ್ಪ.

"ಚಿತ್ರ ಬರೀತೀನಿ."

"ಬರ್ದು?"

"ಇನ್ನೂ ಚೆನ್ನಾಗಿ ಬರೀತೀನಿ."

ಅದಕ್ಕೆ ಅಪ್ಪ ಕಾರ್ಖಾನೆಯ ಮನುಷ್ಯನಿಗೆ ಹೊಳೆಯಬಹುದಾದ ಪರೀಕ್ಷೆಯೊಂದನ್ನು ಹೇಳಿದರು.

"ಡ್ರಾಯಿಂಗ್ ಅಂದ್ರೆ ಅದನ್ನ ನೋಡಿ ಇನ್ನೊಬ್ರು ಪೀಸನ್ನ ಗುರುತು ಹಿಡೀಬೇಕು. ಮುಖ ಬರೆದ್ರೆ ಕನ್ನಡಕ, ಮೀಸೆ ನೋಡಿ ಯಾರ್ ಬೇಕಾದ್ರೂ ಹಿಡೀತಾರೆ. ನನ್ ಬೆನ್ನು ಬರಿ. ಮುಖ ಬೇಡ. ನಿಮ್ಮಜ್ಜಿಗೆ ಯಾರ್ದು ಅಂತ ಹೇಳ್ದೆ ತೋರ್ಸು. ಇವ್ನು ನನ್ ಮಗ ಅಂದ್ರೆ ನಿನ್ ಅರ್ಜಿಗೆ ಸೈನ್ ಹಾಕ್ತೀನಿ. ಇಲ್ಲಾಂದ್ರೆ ಕಾಮರ್ಸು, ಮತ್ತೆ ತಕರಾರಿಲ್ಲ."

ಒಪ್ಪಿಕೊಂಡೆ. ಮನಸ್ಸಿನಲ್ಲಿ ಹಿಗ್ಗಿಯೂ ಬಿಟ್ಟೆ. ಬೆನ್ನು ಎಂದರೆ ನನಗೆ ನೀರು ಕುಡಿದಷ್ಟು ಸುಲಭ. ಮಾಸ್ಟರ ಬೆನ್ನನ್ನು ಕಣ್ಣು ಮುಚ್ಚಿಕೊಂಡು ಬರೆಯುತ್ತಿದ್ದೆ.

ಭಾನುವಾರ ಎಣ್ಣೆಸ್ನಾನವಾದ ಮೇಲೆ ಅಪ್ಪ ಹಿತ್ತಲಿನ ಬಿಸಿಲಿಗೆ ಬೆನ್ನು ಕೊಟ್ಟು ಮೂರುಕಾಲಿನ ಸ್ಟೂಲಿನ ಮೇಲೆ ಕೂತರು. ಅಜ್ಜಿಗೆ ಕಾಣದಿರಲಿ ಎಂದು ಅತ್ತೆ ಹಿತ್ತಲ ಬಾಗಿಲು ಮುಂದಕ್ಕೆಳೆದಳು. ಮೈಮೇಲಿನ ಟವೆಲು ತೆಗೆದಾಗ ನನಗೆ ಒಂದು ಕ್ಷಣ ಸಂಕೋಚವಾಯಿತು. ನಮ್ಮ ಮನೆಯ ಗಂಡಸು ಬನಿಯನ್ನಿಲ್ಲದೆ ಕೂತದ್ದನ್ನು ನಾನು ಕಂಡಿರಲಿಲ್ಲ. ಕುತ್ತಿಗೆಯಿಂದ ಶುರುಮಾಡಿ ಎಡಗಡೆ ಇಳಿದೆ. ಎಡ ಭುಜ, ರೆಕ್ಕೆಯಂತಿರುವ ಆ ಚಪ್ಪಟೆ ಮೂಳೆ, ಅದನ್ನು ಮುಚ್ಚಿಕೊಂಡ ಸ್ನಾಯು, ಎಲ್ಲವೂ ಮಾಸ್ಟರ್ ಹೇಳಿದ ಜಾಗದಲ್ಲೇ ಇದ್ದವು. ಬಲಗಡೆಗೆ ಬಂದಾಗ ಪೆನ್ಸಿಲು ನಿಂತಿತು. ಅಲ್ಲಿ ರೆಕ್ಕೆಮೂಳೆಯ ಏಣು ಎದ್ದು ಕಾಣುತ್ತಿತ್ತು, ಅದರ ಮೇಲೂ ಕೆಳಗೂ ಹಳ್ಳ ಬಿದ್ದಿತ್ತು. ಬಿಸಿಲಿನ ಆಟವಿರಬೇಕು ಎಂದು ಸ್ಟೂಲನ್ನು ತಿರುಗಿಸಿ ಕೂರಿಸಿದೆ. ಹಳ್ಳ ಹೋಗಲಿಲ್ಲ. ಒಳಗೆ ಓಡಿಹೋಗಿ ಪುಸ್ತಕ ತೆಗೆದು ನೋಡಿದೆ. ಅಲ್ಲಿ ಎರಡು ಸ್ನಾಯುಗಳಿರಬೇಕು, ಕೈಯನ್ನು ಮೇಲೆತ್ತಲು, ಹೊರಕ್ಕೆ ತಿರುಗಿಸಲು ಅವು ಬೇಕೇ ಬೇಕು. ವಾಪಸು ಬಂದು ಎದೆ ಗಟ್ಟಿ ಮಾಡಿಕೊಂಡು ಕೇಳಿದೆ.

"ಅಪ್ಪ, ಎರಡೂ ಕೈ ಮೇಲೆತ್ತು."

ಎಡಗೈ ಸಲೀಸಾಗಿ ಹೋಯಿತು. ಬಲಗೈ ಭುಜದ ಮಟ್ಟಕ್ಕೆ ಬರುವಷ್ಟರಲ್ಲಿ ಭುಜವೇ ಕಿವಿಯ ಹತ್ತಿರಕ್ಕೆ ಏರಿ, ಅಲ್ಲಿಗೇ ನಿಂತುಬಿಟ್ಟಿತು.

"ಇನ್ನೂ ಮೇಲೆ."

"ಅಷ್ಟೇ ಹೋಗೋದು. ನೀನ್ ಬರಿ."

"ನೋವಾಗುತ್ತಾ ಅಪ್ಪ?"

"ಮಾಡೆಲ್ಲು ಮಾತಾಡ್ಬಾರ್ದು ಅಂದಿದ್ದು ನೀನೇ."

ಒಂದೊಂದಾಗಿ ಅರ್ಥವಾಗತೊಡಗಿತು. ಅಪ್ಪ ಈಚೆಗೆ ಎಡಗೈಯಲ್ಲಿ ತಲೆ ಬಾಚುತ್ತಿದ್ದರು. ಬನಿಯನ್ನಿನ ಬದಲು ಮುಂದೆ ಗುಂಡಿಯಿರುವ ಅಂಗಿ ಹಾಕಿಕೊಂಡೇ ಮನೆಯಲ್ಲಿರುತ್ತಿದ್ದರು. ಅಟ್ಟದ ಮೇಲಿನ ಪಾತ್ರೆ ಇಳಿಸಲು ಹೇಳಿದರೆ ಪೇಪರಿನ ಹಿಂದೆ ಮರೆಯಾಗುತ್ತಿದ್ದರು, ಅಮ್ಮ ಸೋಮಾರಿ ಎಂದು ಗೊಣಗಿ ತಾನೇ ಸ್ಟೂಲು ಹತ್ತುತ್ತಿದ್ದಳು. ಅವರು ಮುಚ್ಚಿಟ್ಟದ್ದು ನೋವನ್ನು. ಆ ಹಳ್ಳ ಅವರಿಗೂ ಗೊತ್ತಿರಲಿಲ್ಲ, ತನ್ನ ಬೆನ್ನು ಯಾರಿಗೆ ಕಾಣುತ್ತದೆ. ಗೊತ್ತಿದ್ದರೆ ಆ ಪರೀಕ್ಷೆಗೆ ಬೆನ್ನನ್ನು ಒಡ್ಡುತ್ತಿದ್ದರೇ. ನನಗೆ ಭಯವಾಯಿತು, ಅಳುವೂ ಬಂತು. ಅಪ್ಪ ಎದ್ದು ಒಳಗೆ ಹೋದ ಮೇಲೆ ಅತ್ತೆಗೆ ಕಾಗದ ತೋರಿಸಿದೆ. ಅತ್ತೆ ಎಲ್ಲ ಕೇಳಿಸಿಕೊಂಡು, ಅಣ್ಣನ ಮೇಲಿನ ಸಿಟ್ಟಿಗೆ ಒಗೆಯುವ ಕಲ್ಲನ್ನೊಮ್ಮೆ ಗುದ್ದಿ, ಆಮೇಲೆ ವ್ಯವಹಾರಕ್ಕೆ ಬಂದಳು.

"ಅಣ್ಣನ್ನ ಆಸ್ಪತ್ರೆಗೆ ಕರ್ಕೊಂಡ್ ಹೋಗೋದು ನಂಗಿರ್ಲಿ. ನೀನು ಆ ಹಳ್ಳ ತುಂಬ್ಸಿಬಿಡು. ಅಮ್ಮನ ಕಣ್ಣಲ್ಲಿರೋದು ಹಳೇ ಬೆನ್ನು ಕಣೇ, ಅವಳೇ ಎಣ್ಣೆ ಉಜ್ಜಿ ಬೆಳೆಸಿದ್ದು. ಇದನ್ನ ನೋಡಿದ್ರೆ ನನ್ ಮಗ ಅಲ್ಲ ಅಂತಾಳೆ, ನೀನ್ ಕಾಮರ್ಸಿಗೆ ಹೋಗ್ತೀಯ."

"ಅಪ್ಪನ ಬೆನ್ನು ಹಾಗಿಲ್ಲ ಅತ್ತೆ."

"ನಿನ್ ಮಾಸ್ಟರ್‌ದು ಹಾಗೇ ಇದೆಯಲ್ಲ, ನೋಡ್ಕೊಂಡು ಹಾಕು."

"ಮಾಸ್ಟರ್ ಅಪ್ಪ ಅಲ್ಲ."

ಅತ್ತೆ ಹೇಳಿದ್ದು ನಿಜವಾಗಿತ್ತು. ನಾಲ್ಕು ಗೆರೆ ಎಳೆದು ನೆರಳು ತಿದ್ದಿದರೆ ಅಜ್ಜಿಯ ಮಗ ಎದ್ದು ಕೂರುತ್ತಿದ್ದ, ನನ್ನ ದಾರಿ ತೆರೆಯುತ್ತಿತ್ತು. ಆ ವಾರವಿಡೀ ಪೆನ್ಸಿಲನ್ನು ಕಾಗದದ ಹತ್ತಿರ ಒಯ್ದು ಹಿಂದೆ ತಂದೆ. ತುಂಬಿಸಿದರೆ ಕಣ್ಣಾರೆ ಕಂಡದ್ದನ್ನು ಇಲ್ಲ ಎಂದ ಹಾಗೆ. ಬಿಟ್ಟರೆ ಅಪ್ಪ ಬಾಯಿ ಬಿಡದೆ ಹೊತ್ತುಕೊಂಡದ್ದನ್ನು ನಡುಮನೆಯಲ್ಲಿ ಬಿಚ್ಚಿಟ್ಟ ಹಾಗೆ, ಮೇಲಿಂದ ಶಾಲೆಯೂ ಹೋಯಿತು. ನಾನೇನೂ ಸತ್ಯಹರಿಶ್ಚಂದ್ರನ ವಂಶದವಳಲ್ಲ. ಆದರೆ ತುಂಬಿದ ಬೆನ್ನನ್ನು ಬೇರೆ ಕಾಗದದ ಮೇಲೆ ಬರೆದು ನೋಡಿದಾಗ ಅದು ಯಾರದೋ ಬೆನ್ನಾಗಿತ್ತು. ಅದನ್ನು ಒಲೆಗೆ ಹಾಕಿ, ಮುಂದಿನ ಭಾನುವಾರ ಬಲ ಭುಜವನ್ನು ಇದ್ದ ಹಾಗೆಯೇ, ಹಳ್ಳದ ಅಂಚನ್ನು ಇನ್ನಷ್ಟು ನಿಖರವಾಗಿ ಬರೆದು ಮುಗಿಸಿದೆ.

ಅವತ್ತೇ ಮಧ್ಯಾಹ್ನ ಊಟವಾದ ಮೇಲೆ ಕಾಗದವನ್ನು ಅಜ್ಜಿಯ ಮುಂದಿಟ್ಟೆ. ಅಪ್ಪ ಎದುರಿನ ಗೋಡೆಗೆ ಒರಗಿ ಕೂತಿದ್ದರು. ಅಮ್ಮ ಎಲೆ ಎತ್ತುತ್ತಿದ್ದವಳು ನಿಂತಳು. ಅಜ್ಜಿ ಕನ್ನಡಕ ಹಾಕಿಕೊಂಡು, ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಯಾರು ಹೇಳಜ್ಜಿ."

"ಕುತ್ತಿಗೆ ನೋಡಿದ್ರೆ ನಮ್ ಸೀನನ ಥರ ಇದೆ," ಎಂದಳು. ಸೀನ ಎಂದರೆ ಅಪ್ಪ. ಅವಳ ಬೆರಳು ಬಲ ಭುಜದ ಮೇಲೆ ಬಂದು ನಿಂತಿತು. "ಉಹೂಂ. ಸೀನ ಅಲ್ಲ ಬಿಡು. ಯಾರೋ ಪಾಪ, ಒಂದು ಕೈ ಸೊರಗಿರೋನು. ನನ್ ಮಗಂದು ಕಲ್ಲುಗುಂಡಿನಂಥ ಬೆನ್ನು."

ಸರೋಜತ್ತೆ ನನ್ನ ಕಡೆ ನೋಡಲಿಲ್ಲ. ಎಲ್ಲ ಮುಗಿಯಿತು ಎಂದುಕೊಂಡು ಕಾಗದಕ್ಕೆ ಕೈ ಚಾಚಿದೆ. ಅಷ್ಟರಲ್ಲಿ ಅಪ್ಪ ಅದನ್ನು ಇಸಿದುಕೊಂಡರು. ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, ಅಂಗಿ ಬಿಚ್ಚಿ, ಗೋಡೆಯ ಕನ್ನಡಿಗೆ ಬೆನ್ನು ತಿರುಗಿಸಿ ನಿಂತು, ಅತ್ತೆಯ ಕೈಗನ್ನಡಿಯನ್ನು ಎಡಗೈಯಲ್ಲಿ ಹಿಡಿದು ಅದರೊಳಗೆ ಇಣುಕಿದರು. ಕಾಗದವನ್ನು ನೋಡುವುದು, ಕನ್ನಡಿ ನೋಡುವುದು, ಮತ್ತೆ ಕಾಗದ. ಅವರು ದಿನವೂ ಕಾರ್ಖಾನೆಯಲ್ಲಿ ಮಾಡುವ ಕೆಲಸವನ್ನೇ ಮಾಡುತ್ತಿದ್ದರು.

"ಡ್ರಾಯಿಂಗ್ ಕರೆಕ್ಟಾಗಿದೆ ಅಮ್ಮ," ಎಂದರು. "ಪೀಸೇ ರಿಜೆಕ್ಟು."

ಅಜ್ಜಿಗೆ ಮಾತು ತಿಳಿಯಲಿಲ್ಲ, ಬೆನ್ನು ತಿಳಿಯಿತು. ಗೋಡೆ ಹಿಡಿದು ಎದ್ದು ಬಂದು ಮಗನ ಬಲ ಭುಜದ ಮೇಲೆ ಅಂಗೈ ಇಟ್ಟಳು. ಬೆರಳುಗಳು ಮೂಳೆಯ ಏಣು ದಾಟಿ ಹಳ್ಳದೊಳಕ್ಕೆ ಇಳಿದವು.

"ಯಾವಾಗಿಂದ ಕಣೋ?"

"ಸುಮಾರು ದಿನ ಆಯ್ತು. ಟಿನ್ ಫ್ಯಾಕ್ಟರಿ ಸ್ಟಾಪ್ ಹತ್ರ ಬಸ್ಸಲ್ಲಿ ಜೋತ್ಕೊಂಡಿದ್ದೆ, ಬ್ರೇಕ್ ಹಾಕ್ದಾಗ ಕೈ ಜಗ್ತು."

"ಒಂದು ಮಾತು ಹೇಳ್ಬಾರ್ದಿತ್ತಾ ರೀ," ಎಂದಳು ಅಮ್ಮ. ಅವಳ ಕೈಯಲ್ಲಿ ಇನ್ನೂ ಎಂಜಲೆಲೆಗಳಿದ್ದವು.

"ಈ ಮನೇಲಿ ಎಲ್ರಿಗೂ ಒಂದೊಂದು ನೋವಿದೆಯಲ್ಲ ಕಮಲಾ. ಇನ್ನೊಂದು ಯಾಕೆ ಅಂತ."

ಅಜ್ಜಿ ಅವರ ಬೆನ್ನಿಗೆ ಹಣೆ ಹಚ್ಚಿ ಅತ್ತಳು. ಅಮ್ಮ ಅಡುಗೆಮನೆಗೆ ಹೋಗಿ ಅತ್ತಳು. ಅತ್ತೆ ಅಳದೆ, ನಾಳೆ ರಜೆ ಹಾಕು, ಆಸ್ಪತ್ರೆಗೆ ಹೋಗ್ತಿದ್ದೀವಿ ಎಂದು ಅಣ್ಣನನ್ನು ಗದರಿಸಿದಳು. ನಾನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬಾಗಿಲ ಬಳಿ ನಿಂತಿದ್ದೆ. ಪಂಥದ ಪ್ರಕಾರ ನಾನು ಸೋತವಳು, ಅಜ್ಜಿ ಇವನು ನನ್ನ ಮಗ ಎಂದಿರಲಿಲ್ಲ. ಅಪ್ಪ ಅಂಗಿ ತೊಟ್ಟುಕೊಂಡು ಸ್ಟೂಲಿನ ಮೇಲೆ ಕೂತು ನನ್ನನ್ನು ಕರೆದರು.

"ತಗೊಂಡ್ ಬಾ ನಿನ್ ಅರ್ಜಿ. ಎಲ್ಲಿ ಸೈನ್ ಹಾಕ್ಬೇಕು ತೋರ್ಸು."

ಪೆಟ್ಟಿಗೆಯಿಂದ ಅರ್ಜಿ ತೆಗೆದು ತಂದೆ. ಅವರು ಮೇಜಿನ ಕಡೆ ತಿರುಗಿ ಬಲಗೈ ಎತ್ತಲು ಹೋದರು. ಬೇಡ ಇರಪ್ಪ ಎಂದೆ. ಅವರ ಮುಂದೆ ನೆಲಕ್ಕೆ ಕೂತು, ಅರ್ಜಿಯನ್ನು ಅವರ ತೊಡೆಯ ಮೇಲಿಟ್ಟು, ಅಲುಗದಂತೆ ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡೆ.